ಅಕ್ಕನ ಪಾಲಿನ ಹೊತ್ತು

ಹೊತ್ತಿಗೆ ಸರಿಯಾಗಿ ನಡೆಯುವ ಮನುಷ್ಯನನ್ನು ಊರು ಗೌರವಿಸುತ್ತದೆ, ಮನೆಯವರು ಸಹಿಸುತ್ತಾರೆ. ಪ್ರೀತಿಸುವವರು ಯಾರೂ ಇರುವುದಿಲ್ಲ. ಇದು ನನ್ನ ಅನುಭವ. ಶಿರಸಿಯ ಕನ್ನಡ ಶಾಲೆಯಲ್ಲಿ ಹೆಡ್‌ಮಾಸ್ತರನಾಗಿದ್ದು ನಿವೃತ್ತನಾದ ದಿನ ಶಾಲೆಯವರು ನನಗೆ ಶಾಲು ಹೊದಿಸಿದರು. ಜೊತೆಗೆ, ನಾನು ಅಷ್ಟು ವರ್ಷ ಬಾರಿಸಿದ ಹಿತ್ತಾಳೆಯ ಕೈಗಂಟೆಯನ್ನೂ ಕೊಟ್ಟು ಕಳಿಸಿದರು. ಅದು ಅಭಿಮಾನವೋ ಅಥವಾ ಇನ್ನು ಮುಂದೆ ಈ ಗಂಟೆಯ ಕಾಟ ಸಾಕು ಎಂಬ ಉಪಾಯವೋ ತಿಳಿಯದು. ಆ ಗಂಟೆಯನ್ನು ಮನೆಯ ಜಗಲಿಯಲ್ಲಿ ತೂಗುಹಾಕಿದೆ. ಅದರ ಮೇಲೆ ಗೋಡೆಯಲ್ಲಿ ನನ್ನ ತೂಗುಗಡಿಯಾರ. ಎದುರು ಅಂಗಡಿಯವರು ಬಾಗಿಲು ತೆಗೆಯುವ ಮುಂಚೆ ಅದರತ್ತ ಒಮ್ಮೆ ಕಣ್ಣು ಹಾಯಿಸುತ್ತಿದ್ದರು. ಖಾದರ್ ಸಾಹೇಬರ ಸರ್ವಿಸ್ ಮೋಟಾರು ಯಲ್ಲಾಪುರಕ್ಕೆ ಹೊರಡುವಾಗ ನಮ್ಮ ಮನೆಯ ಮುಂದೆ ನಿಧಾನಿಸಿ, ಅವರು ಕತ್ತು ಹೊರಹಾಕಿ ಗಡಿಯಾರ ನೋಡಿ, "ಆಜ್ ಬೀ ತಡ ಆಯ್ತಲ್ಲಾ ಮಾಸ್ತರ್ ಸಾಬ್!" ಎಂದು ಕೂಗಿ ಮುಂದೆ ಹೋಗುತ್ತಿದ್ದರು. ತಡವಾದ ಬಗ್ಗೆ ಅವರಿಗೆ ಬೇಸರವೇನೂ ಇರಲಿಲ್ಲ. ಎಷ್ಟು ತಡ ಎಂದು ತಿಳಿದುಕೊಳ್ಳುವ ಸಂತೋಷ ಅಷ್ಟೇ.

ಇಂಥ ಮನೆಗೆ ಒಂದು ಚುನಾವಣೆಯೂ ಒಂದು ಸಾವೂ ಕೂಡಿ ಬಂದರೆ ಏನಾಗುತ್ತದೆ ಎನ್ನುವುದನ್ನು ಹೇಳಬೇಕಾಗಿದೆ.

ನನ್ನ ಅಕ್ಕ ಮಾದೇವಿಗೆ ಎದೆಯ ಬೇನೆ ಜೋರಾಗಿ, ಕಾಲು ಬಾತು, ಹಳ್ಳಿಯಿಂದ ನನ್ನ ಮನೆಗೆ ಕರೆತಂದರು. ದವಾಖಾನೆ ಹತ್ತಿರ ಎಂಬುದು ಕಾರಣ. ನಾನು ಹೆಂಡತಿಯಿಲ್ಲದವನು. ಅಡುಗೆ ನೋಡಿಕೊಳ್ಳುತ್ತಿದ್ದವಳು ದೂರದ ಸಂಬಂಧದ ಸುಬ್ಬತ್ತೆ. ಅಕ್ಕನನ್ನು ಗಾಡಿಯಿಂದ ಎತ್ತಿಕೊಂಡು ಒಳಗೆ ತರುವಾಗ ಅವಳು ಗೋಡೆ ನೋಡಿ ನಕ್ಕಳು. "ತಮ್ಮಾ, ನಿನ್ನ ಗಡಿಯಾರ ಇನ್ನೂ ನಡೀತಾ ಇದ್ದ? ಎನಕ್ಕಿಂತ ಗಟ್ಟಿ ಅದು." ಡಾಕ್ಟರರು ಬಂದು ನೋಡಿ, ಹೊರಗೆ ಬಂದು, ಗುಣವಾಗುವ ಮಾತಿಲ್ಲ, ದಿನ ಮಾತ್ರ ಹೇಳಲಾರೆ ಎಂದರು. ದಿನ ಹೇಳಲಾಗದ ಯಾವುದೂ ನನಗೆ ಒಗ್ಗುವುದಿಲ್ಲ.

ಅಕ್ಕನ ಒಬ್ಬನೇ ಮಗ ಶ್ರೀಪತಿ ಅದೇ ಸಮಯಕ್ಕೆ ತಾಲೂಕು ಲೋಕಲ್ ಬೋರ್ಡಿನ ಚುನಾವಣೆಗೆ ನಿಂತಿದ್ದ. ಅವನು ಕೆಟ್ಟವನಲ್ಲ. ತಾಲೂಕಿನ ಅಧಿಕಾರಿ ಮಾಮಲೇದಾರರ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತುಕೊಳ್ಳಬೇಕು ಎಂಬ ಒಂದೇ ಆಸೆ ಚಿಕ್ಕಂದಿನಿಂದ ಇತ್ತು. ಅವನ ಎದುರಾಳಿ ಬನವಾಸಿ ಕಡೆಯ ಪರಪ್ಪಗೌಡರು. ಗದ್ದೆ, ಗಾಡಿ, ಗಟ್ಟಿ ಧ್ವನಿ ಮೂರೂ ಇದ್ದವರು. ಶ್ರೀಪತಿಯ ಕೆಲಸವನ್ನೆಲ್ಲ ವಹಿಸಿಕೊಂಡವರು ಪೇಟೆಯ ವಕೀಲ ಪಾಂಡುರಂಗರಾಯರು. ರಾಯರು ಕಾಯ್ದೆ ಪುಸ್ತಕವನ್ನು ಓದುವ ರೀತಿಯೇ ಬೇರೆ. ನಾವೆಲ್ಲ ಏನು ಮಾಡಬಾರದು ಎಂದು ತಿಳಿಯಲು ಓದುತ್ತೇವೆ. ಅವರು ಬರೆಯಲು ಮರೆತದ್ದು ಏನು ಎಂದು ಹುಡುಕುತ್ತ ಓದುತ್ತಿದ್ದರು.

ಮೊದಲು ಅವರು ಕಂಡುಹಿಡಿದದ್ದು ರೋಗಿಯನ್ನು ನೋಡಲು ಬರುವುದು ಪ್ರಚಾರವಲ್ಲ ಎಂಬುದನ್ನು. ಮನೆಮನೆಗೆ ಹೋಗಿ ಕಾಫಿ ಕುಡಿಸಿದರೆ ಎದುರು ಕಡೆಯವರು ತಕರಾರು ಎತ್ತಬಹುದು. ಜನರೇ ತಾವಾಗಿ ಬಂದು, ಹಾಸಿಗೆಯ ಪಕ್ಕ ಕುಳಿತು, ಹೊರಡುವಾಗ ಜಗಲಿಯಲ್ಲಿ ಮಗನೊಡನೆ ನಾಲ್ಕು ಮಾತಾಡಿ, ಕಾಫಿ ಕುಡಿದು ಹೋದರೆ ಯಾವ ಕೋರ್ಟು ಏನೆನ್ನುತ್ತದೆ? ಹಾಗಾಗಿ ಜನ ಬರತೊಡಗಿದರು. ಬೆಳಿಗ್ಗೆ ನಾನು ಜಪಕ್ಕೆ ಕುಳಿತರೆ ಬಂದರು, ಊಟಕ್ಕೆ ಕುಳಿತರೆ ಬಂದರು, ಊಟದ ನಂತರ ಎಡಮಗ್ಗುಲಾಗಿ ಮಲಗುವ ಹೊತ್ತಿಗೂ ಬಂದರು. ಅಕ್ಕನ ಕಾಲು ಮುಟ್ಟಿ ನೋಡಿ, "ಬಾವು ಇಳ್ದಂಗೆ ಕಾಣ್ತು" ಎಂದು ಒಬ್ಬ, "ಇಲ್ಲೆ, ಏರಿದ್ದು" ಎಂದು ಇನ್ನೊಬ್ಬ. ಅಕ್ಕ ಇಬ್ಬರಿಗೂ ಹೌದು ಎನ್ನುತ್ತಿದ್ದಳು. ನನ್ನ ದಿನಚರಿ ಮಳೆಗೆ ಸಿಕ್ಕ ಹಪ್ಪಳದಂತಾಯಿತು.

ಶಿಸ್ತಿನ ಮನುಷ್ಯ ಇಂಥಲ್ಲಿ ಏನು ಮಾಡಬೇಕೋ ಅದನ್ನೇ ನಾನು ಮಾಡಿದೆ. ಭೇಟಿಗೆ ಹೊತ್ತು ಗೊತ್ತುಮಾಡಿದೆ. ಸಂಜೆಯ ಹೊತ್ತು ಮಾತ್ರ, ಐದೈದು ಜನರಂತೆ ಒಳಗೆ, ಉಳಿದವರು ಬೆಂಚಿನ ಮೇಲೆ, ಗಂಟೆ ಬಾರಿಸಿದೊಡನೆ ಏಳಬೇಕು. ಶಾಲೆಯಿಂದ ಹಳೆಯ ಎರಡು ಬೆಂಚನ್ನೂ ತರಿಸಿದೆ. ಮೊದಲ ಸಂಜೆಯೇ ಎಲ್ಲ ಸುಸೂತ್ರವಾಗಿ ನಡೆಯಿತು. ಜನರಲ್ಲಿ ಅರ್ಧದಷ್ಟು ನನ್ನ ಹಳೆಯ ವಿದ್ಯಾರ್ಥಿಗಳು. ಗಂಟೆ ಕೇಳಿದೊಡನೆ ಮೀಸೆ ಹೊತ್ತ ಗಂಡಸರು ಧಡಕ್ಕನೆ ಎದ್ದು ಸಾಲಾಗಿ ಹೊರಟರು. ಪಾಂಡುರಂಗರಾಯರು ಮೂಲೆಯಲ್ಲಿ ನಿಂತು ನೋಡುತ್ತಿದ್ದವರು ಬಂದು ನನ್ನ ಕೈ ಹಿಡಿದುಕೊಂಡರು. "ಮಾಸ್ತರೇ, ನಮ್ಮ ಪ್ರಚಾರದಲ್ಲಿ ಎಲ್ಲಾ ಇತ್ತು, ಶಿಸ್ತೊಂದು ಇರಲಿಲ್ಲ. ಅದನ್ನು ನೀವು ತುಂಬಿಕೊಟ್ಟಿರಿ." ಹಿಂದೆ ದಿನಕ್ಕೆ ಬಂದು ಹೋಗುತ್ತಿದ್ದವರ ಎರಡರಷ್ಟು ಜನ ಅಂದು ಒಂದೇ ಸಂಜೆಯಲ್ಲಿ ಬಂದು ಹೋಗಿದ್ದರಂತೆ.

ಮರುದಿನ ಬೆಳಿಗ್ಗೆ ಪರಪ್ಪಗೌಡರೇ ಬಂದರು. ಅಂಗಳದಲ್ಲಿ ನಿಂತು, ಕೈಯಲ್ಲಿ ಜೇನುತುಪ್ಪದ ಭರಣಿ ಹಿಡಿದು, "ಏನ್ರಿ ಮಾಸ್ತರ, ನಾವೇನು ಮನಿಷ್ಯಾರಲ್ಲೇನು? ರೋಗ ಬಂದಾವರ್ನ ನೋಡಾಕ ಪಾರ್ಟಿ ಯಾಕ್ರಿ ಬೇಕು? ಅವ್ವಾರು ನಿಮಗ ಅಕ್ಕ, ಊರಿಗೆಲ್ಲಾ ಅವ್ವ" ಎಂದರು. ಬೀದಿಯವರು ಕಿಟಕಿ ತೆರೆದರು. ನ್ಯಾಯದ ಪ್ರಶ್ನೆ ಬಂದರೆ ನಾನು ಎಂದೂ ಹಿಂದೆ ಸರಿದವನಲ್ಲ. ಗೌಡರ ಕಡೆಯವರಿಗೆ ಬೆಳಗಿನ ಹೊತ್ತು, ಶ್ರೀಪತಿಯ ಕಡೆಯವರಿಗೆ ಸಂಜೆಯ ಹೊತ್ತು ಎಂದು ಅಲ್ಲಿಯೇ ಹಂಚಿದೆ. ಎರಡಕ್ಕೂ ಸಮನಾದ ಅವಧಿ, ಎರಡಕ್ಕೂ ಅದೇ ಗಂಟೆ. ಗೌಡರು ಒಳಗೆ ಹೋಗಿ ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ಅವ್ವಾರ, ಗಟ್ಟಿ ಆಗ್ರಿ. ನೀವು ಈ ತಿಂಗಳು ದಾಟಿದ್ರ ಸಾಕು, ನಾ ದೇವರಿಗೆ ಜೋಡಗಾಯಿ ಒಡಸ್ತೀನಿ" ಎಂದರು. ಅಷ್ಟು ಹೊತ್ತು ಬಂದು ಹೋದವರಲ್ಲಿ ಅಕ್ಕ ಬದುಕಲಿ ಎಂದು ಬಾಯಿಬಿಟ್ಟು ಕೇಳಿಕೊಂಡವರು ಅವರೊಬ್ಬರೇ. ನನಗೆ ಕಣ್ಣು ಒದ್ದೆಯಾಯಿತು. ಈ ತಿಂಗಳು ಎಂದು ಅವರು ಯಾಕೆ ಒತ್ತಿ ಹೇಳಿದರು ಎಂದು ಆಗ ಹೊಳೆಯಲಿಲ್ಲ.

ಆ ಸಂಜೆ ಹೊಳೆಯಿತು. ಜನ ಹೋದ ಮೇಲೆ ರಾಯರು ಮತ್ತು ಶ್ರೀಪತಿ ಜಗಲಿಯಲ್ಲಿ ಕುಳಿತಿದ್ದರು. ನಾನು ಬೆಂಚು ಸರಿಮಾಡುತ್ತಿದ್ದೆ.

"ನೋಡು ಶ್ರೀಪತಿ," ರಾಯರು ದನಿ ತಗ್ಗಿಸಿದರು, "ಕಾಯ್ದೆ ಸ್ಪಷ್ಟ ಇದೆ. ಮತದಾರನಿಗೆ ಊಟ ಹಾಕಿದರೆ ಅದು ಲಂಚ. ಓಟು ಕೊಡದಿದ್ದರೆ ದೇವರ ಶಾಪ ತಟ್ಟುತ್ತದೆ ಎಂದರೆ ಅದೂ ಅಪರಾಧ. ಆದರೆ ಹೆತ್ತ ತಾಯಿಯ ಹದಿಮೂರನೆಯ ದಿನದ ಊಟ? ವೈಕುಂಠ ಸಮಾರಾಧನೆ? ಅದು ಧರ್ಮ. ಅಲ್ಲಿಗೆ ಇಡೀ ವಲಯವನ್ನು ಕರೆಯಬಹುದು. ಮೂರು ಚಪ್ಪರ, ಎಲ್ಲ ಜಾತಿಯವರಿಗೂ ಊಟ. ಯಾವ ನ್ಯಾಯಾಧೀಶನೂ ಕೈ ಹಾಕುವುದಿಲ್ಲ."

"ಆದರೆ ಆಯಿ..." ಎಂದ ಶ್ರೀಪತಿ.

"ನಾನೇನೂ ಹೇಳುವುದಿಲ್ಲ, ದೇವರ ಇಚ್ಛೆ. ಡಾಕ್ಟರು ಹೇಗೂ ಹೇಳಿದ್ದಾರೆ. ಆಗುವುದು ಈ ವಾರದಲ್ಲಿ ಆದರೆ ಊಟ ಚುನಾವಣೆಗೆ ಸರಿಯಾಗಿ ಮುಂಚೆ ಬರುತ್ತದೆ, ಅಷ್ಟೇ ಹೇಳಿದೆ."

ಶ್ರೀಪತಿ ಅತ್ತ. ಸುಳ್ಳಲ್ಲ, ನಿಜವಾಗಿ ಅತ್ತ. ಅತ್ತು, ಮೂಗೊರೆಸಿಕೊಂಡು, "ಮೂರು ಚಪ್ಪರಕ್ಕೆ ಸೋಗೆ ಎಲ್ಲಿಂದ ತರವು ರಾಯ್ರೇ?" ಎಂದು ಕೇಳಿದ. ನಾನು ಬೆಂಚಿನ ಕಾಲು ಹಿಡಿದುಕೊಂಡು ಹಾಗೆಯೇ ನಿಂತೆ. ಆ ಕ್ಷಣ ಗೌಡರ ಜೇನುತುಪ್ಪದ ಅರ್ಥವೂ ಆಯಿತು. ಅವರಿಗೂ ಒಬ್ಬ ವಕೀಲರಿದ್ದರು.

ನಮ್ಮ ಜಗಲಿಗೂ ಅಕ್ಕ ಮಲಗಿದ್ದ ಕೋಣೆಗೂ ನಡುವೆ ಇರುವುದು ಹಲಗೆಯ ಗೋಡೆ. ಮರುದಿನ ಬೆಳಿಗ್ಗೆ ಗಂಜಿ ಕೊಡಲು ಹೋದಾಗ ಅವಳು ಸೂರು ನೋಡುತ್ತಾ ಕೇಳಿದಳು. "ತಮ್ಮಾ, ಆನು ಯಾವಾಗ ಸಾಯವಡ? ದಿನ ಹೇಳಿದ್ವ?"

"ಎಂತ ಮಾತು ಅಕ್ಕ ಅದು? ಗಂಜಿ ಕುಡಿ."

"ಕುಡಿತೆ. ಗಂಜಿ ಕುಡದ್ರೆ ಮಗಂಗೆ ತಡ ಆಗ್ತನ ಹೇಳಿ ಯೋಚ್ನೆ" ಎಂದು ಕುಡಿದಳು. ಅವಳ ನಾಲಿಗೆ ಕಾಲಿನಂತೆ ಬಾತಿರಲಿಲ್ಲ.

ಆ ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ನೋಡಿದ ಹೊರಗಿನವರು ಎಂಥ ಭಾಗ್ಯವಂತೆ ಈ ಮುದುಕಿ ಎಂದುಕೊಂಡಿರಬೇಕು. ಗೌಡರು ಇಡಗುಂದಿಯ ಕಡೆಯಿಂದ ಹೆಸರಾಂತ ನಾಟಿ ವೈದ್ಯರೊಬ್ಬರನ್ನು ಖಾದರ್ ಸಾಹೇಬರ ಮೋಟಾರಿನಲ್ಲಿ ಕರೆಸಿದರು. ದಿನವೂ ಬೇರು ಅರೆದು ಕಷಾಯ ಬಂತು. ಗೌಡರ ಕಡೆಯವರು ಬೆಳಿಗ್ಗೆ ಅವಳ ನಾಡಿ ಹಿಡಿದು, ನಡೆಯುತ್ತಿದೆ ಎಂದು ತಿಳಿದು ಉಲ್ಲಾಸದಿಂದ ಹೊರಡುತ್ತಿದ್ದರು. ಸಂಜೆಯ ಕಡೆಯವರು ಅವಳ ಮುಖ ನೋಡಿ, ತುಸು ಗೆಲುವಾಗಿ ಕಂಡರೆ ಬಾಡಿ ಹೋಗುತ್ತಿದ್ದರು. ಗೌಡರ ಪಾಳಿಯಲ್ಲಿ ಅವಳು ಒಳ್ಳೆಯ ರೋಗಿ, ಮಗನ ಪಾಳಿಯಲ್ಲಿ ಹಟಮಾರಿ.

ಆ ನಡುವೆ ಒಂದು ಸಂಜೆ ಗಣಪಯ್ಯ ಬಂದ. ಅವನು ನಮಗೆ ದೂರದ ನೆಂಟ, ಸಿದ್ದಾಪುರದ ಗಡಿಯ ಹಳ್ಳಿಯವನು. ಕಂದಾಯ ಕೊಡುವುದಿಲ್ಲವೆಂದು ಚಳವಳಿಯಲ್ಲಿ ಹಟ ಹಿಡಿದು ನಿಂತವರಲ್ಲಿ ಒಬ್ಬ. ಸರಕಾರ ಜಮೀನು ಜಪ್ತಿ ಮಾಡಿತು, ಅವನನ್ನು ಹಿಂಡಲಗಿ ಜೈಲಿಗೂ ಕಳಿಸಿತು. ಜಮೀನು ಹೋದ ಮೇಲೆ ಕಂದಾಯ ಇಲ್ಲ, ಕಂದಾಯ ಇಲ್ಲದವನಿಗೆ ಮತ ಇಲ್ಲ. ದೇಶಕ್ಕಾಗಿ ಎಲ್ಲ ಬಿಟ್ಟುಕೊಟ್ಟವನು ದೇಶದವರನ್ನು ಆರಿಸುವ ಹಕ್ಕನ್ನೂ ಅದರ ಜೊತೆಗೇ ಬಿಟ್ಟುಕೊಟ್ಟಂತಾಗಿತ್ತು. ರಾಯರ ಗುಮಾಸ್ತ ಬೆಂಚಿನ ಪಕ್ಕ ನಿಂತು, ಬಂದವರ ಹೆಸರು ಕೇಳಿ ಒಳಗೆ ಸುಬ್ಬತ್ತೆಗೆ ಸನ್ನೆ ಮಾಡುತ್ತಿದ್ದ. ಮತ ಇದ್ದವರಿಗೆ ಕಾಫಿ, ಇಲ್ಲದವರಿಗೆ ಬೆಲ್ಲ ನೀರು. ಗಣಪಯ್ಯನಿಗೆ ಬೆಲ್ಲ ನೀರು ಬಂತು. ಅವನು ಅದನ್ನು ಗಮನಿಸಲೇ ಇಲ್ಲ. ಅಕ್ಕನ ಬಾತ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಾ ಕುಳಿತ. ಅವನ ಹೊತ್ತು ಮುಗಿದು ನಾನು ಗಂಟೆ ಬಾರಿಸಿದೆ. ಅವನು ಎದ್ದು ಹೋದ.

ಗಣಪಯ್ಯ ಗೇಟು ದಾಟಿದ ಮೇಲೆ ಅಕ್ಕ ನನ್ನನ್ನು ಕರೆದಳು.

"ತಮ್ಮಾ, ಒಂದ್ ಮಾತು ಕೇಳ್ತೆ. ಬೆಳಿಗ್ಗೆ ಹೊತ್ತು ಗೌಡ್ರಿಗೆ. ಸಂಜೆ ಹೊತ್ತು ಮಗಂಗೆ. ಸಮ ಮಾಡಿ ಹಂಚಿದ್ದೆ, ಒಳ್ಳೇದಾತು. ಎನ್ನ ಪಾಲಿಂದು ಯಾವ ಹೊತ್ತು?"

ಕೈಯಲ್ಲಿದ್ದ ಗಂಟೆಯನ್ನು ನೆಲದ ಮೇಲಿಟ್ಟೆ. ಅದರ ನಾಲಗೆ ಸಣ್ಣಗೆ ಸದ್ದು ಮಾಡಿತು.

"ಎನಗೆ ಒಂದೇ ಆಸೆ ಇದ್ದು," ಎಂದಳು ಅವಳು. "ಎನ್ನ ಸಾವು ಎಂದೇ ಆಗ್ಲಿ. ಅದನ್ನ ಓಟು ಮಾಡಲಾಗ. ಆ ಕಡೆಯವ್ಕೂ ಬ್ಯಾಡ, ಈ ಕಡೆಯವ್ಕೂ ಬ್ಯಾಡ. ನೀ ಒಬ್ಬ ಮಾತು ಉಳಿಸ್ಕಂಬವ ಹೇಳಿ ನಿಂಗೆ ಹೇಳ್ತಾ ಇದ್ದೆ."

ಆಗಲಿ ಎಂದೆ. ಹೇಗೆ ಎಂದು ಮಾತ್ರ ನನಗೆ ಗೊತ್ತಿರಲಿಲ್ಲ.

ವಾರ ಕಳೆಯಿತು, ಅಕ್ಕ ಸಾಯಲಿಲ್ಲ. ರಾಯರು ಪಂಚಾಂಗ ಮಡಿಚಿಟ್ಟರು. ಅವರಿಗೆ ಎದುರಾದದ್ದು ಈಗ ಹೊಸ ತೊಡಕು. "ಇನ್ನು ತೀರಿಕೊಂಡರೆ ಊಟ ಚುನಾವಣೆಯ ಆಚೆಗೆ ಬರುತ್ತದೆ, ಸೂತಕ ಚುನಾವಣೆಯ ಈಚೆಗೆ ಬರುತ್ತದೆ," ಎಂದು ಶ್ರೀಪತಿಗೆ ವಿವರಿಸಿದರು. ಸೂತಕದವನು ಯಾರ ಮನೆಗೂ ಹೋಗುವಂತಿಲ್ಲ, ಅವನ ಕೈಯಿಂದ ಯಾರೂ ವೀಳ್ಯ ತೆಗೆದುಕೊಳ್ಳುವಂತಿಲ್ಲ. ಚುನಾವಣೆಯ ಕೊನೆಯ ದಿನಗಳಲ್ಲಿ ಅಭ್ಯರ್ಥಿ ಮೂಲೆ ಹಿಡಿದು ಕುಳಿತರೆ ಆಯಿತು ಕಥೆ. ಹಾಗಾಗಿ ತಾಯಿ ಬದುಕಲೇಬೇಕು. ಅದೇ ದಿನ ಶ್ರೀಪತಿ ಕಿತ್ತಳೆ ಹಣ್ಣು, ಗ್ಲುಕೋಸಿನ ಡಬ್ಬಿ ಹಿಡಿದು ಬಂದ. ಹಾಸಿಗೆಯ ಪಕ್ಕ ಕುಳಿತು ಸಿಪ್ಪೆ ಸುಲಿಯುತ್ತಾ, "ಆಯೀ, ನೀನು ಇನ್ನೂ ಬಾಳವು" ಎಂದ. ಅವನಿಗೆ ನಿಜವಾಗಿಯೂ ಹಾಗೆ ಅನಿಸಿತ್ತು ಎಂದು ನಾನು ನಂಬುತ್ತೇನೆ. ಅವನ ಮನಸ್ಸೂ ಕಾಯ್ದೆಯೂ ಆ ದಿನ ಒಂದೇ ದಾರಿಯಲ್ಲಿದ್ದವು, ಪಾಪ. ಮಾರನೆಯ ದಿನದಿಂದ ಗೌಡರ ವೈದ್ಯರು ಬರಲಿಲ್ಲ. ಬೆಳಗಿನ ಬೆಂಚು ಬರಿದಾಯಿತು. ಶ್ರೀಪತಿ ಅದೇ ವೈದ್ಯರನ್ನು ಅದೇ ಮೋಟಾರಿನಲ್ಲಿ ಪುನಃ ಕರೆಸಿದ.

"ನಿನ್ನೆವರೆಗೆ ಗೌಡ್ರ ಕಷಾಯ, ಇವತ್ತಿಂದ ಮಗನ ಕಷಾಯ," ಎಂದು ಅಕ್ಕ ಸುಬ್ಬತ್ತೆಗೆ ಹೇಳಿದಳು. "ಬೇರು ಒಂದೇಯ. ಕಹಿನೂ ಒಂದೇಯ."

ಮತದಾನದ ಹಿಂದಿನ ದಿನ ಮಧ್ಯಾಹ್ನ ಅವಳ ಉಸಿರು ಮೇಲಕ್ಕೆ ಬಂತು. ಡಾಕ್ಟರರು ನೋಡಿ ತಲೆ ಅಲ್ಲಾಡಿಸಿದರು. ರಾಯರು ನನ್ನನ್ನು ಅಂಗಳದ ಆಚೆಗೆ ಕರೆದೊಯ್ದರು. "ಮಾಸ್ತರೇ, ಶಾಸ್ತ್ರ ನಿಮಗೆ ನಾನು ಹೇಳಬೇಕಾಗಿಲ್ಲ. ದೂರದಲ್ಲಿರುವವನಿಗೆ ಸುದ್ದಿ ಕಿವಿಗೆ ಬಿದ್ದ ಮೇಲೆ ಸೂತಕ. ನಾಳೆ ಶ್ರೀಪತಿ ಮತಗಟ್ಟೆಯಲ್ಲಿರುತ್ತಾನೆ, ಎರಡು ಹರದಾರಿ ದೂರ. ಇಲ್ಲಿ ಏನಾದರೂ ಆದರೆ ಮತದ ಪೆಟ್ಟಿಗೆಗೆ ಅರಗು ಹಾಕಿ ಮುಚ್ಚುವವರೆಗೆ ಅವನ ಕಿವಿಗೆ ಬೀಳದಿದ್ದರೆ ಶಾಸ್ತ್ರವೂ ಕೆಡುವುದಿಲ್ಲ, ಕಾಯ್ದೆಯೂ ಕೆಡುವುದಿಲ್ಲ." ನಾನು ಏನೂ ಹೇಳಲಿಲ್ಲ. ಅವರು ಅದನ್ನು ಒಪ್ಪಿಗೆ ಎಂದುಕೊಂಡರು. ವಕೀಲರಿಗೆ ಮೌನ ಸಿಕ್ಕರೆ ಹಾಗೆಯೇ ಓದುತ್ತಾರೆ. ಇತ್ತ ಎದುರಿನ ಅಂಗಡಿಯ ಕಟ್ಟೆಯ ಮೇಲೆ ಗೌಡರ ಕಡೆಯ ಆಳೊಬ್ಬ ಬಂದು ಕುಳಿತ. ನಮ್ಮ ಮನೆಗೆ ಯಾರಾದರೂ ಚಟ್ಟಕ್ಕೆ ಬಿದಿರು ತಂದರೆ ಓಡಿ ಹೋಗಿ ಸುದ್ದಿ ಮುಟ್ಟಿಸುವುದು ಅವನ ಕೆಲಸ. ಸುದ್ದಿ ಮತಗಟ್ಟೆಯಲ್ಲಿ ಡಂಗುರವಾದರೆ ಶ್ರೀಪತಿ ಎಲ್ಲ ಬಿಟ್ಟು ಓಡಬೇಕು. ಅವನು ಕೊಟ್ಟ ವೀಳ್ಯವನ್ನೂ ಜನ ಅಲ್ಲಿಯೇ ಎಸೆಯುತ್ತಾರೆ.

ಮತದಾನದ ದಿನ ಬಂತು. ಪುಷ್ಯ ಮಾಸ. ನಮ್ಮಲ್ಲಿ ಪುಷ್ಯದಲ್ಲಿ ಯಾರೂ ಮದುವೆ ಮಾಡುವುದಿಲ್ಲ. ಆದರೆ ಅಂದು ಬೆಳಿಗ್ಗೆ ಖಾದರ್ ಸಾಹೇಬರ ಮೋಟಾರಿಗೆ ಬಾಳೆಕಂದು, ಮಾವಿನೆಲೆ, ಹೂಮಾಲೆ ಕಟ್ಟಿತ್ತು. ಮತದಾರರನ್ನು ಬಾಡಿಗೆ ಗಾಡಿಯಲ್ಲಿ ಸಾಗಿಸಬಾರದು ಎಂಬ ನಿಯಮ ಇತ್ತಂತೆ. ಮದುವೆಯ ದಿಬ್ಬಣ ಸಾಗಿಸಬಾರದು ಎಂದು ಬರೆದಿರಲಿಲ್ಲ. ಬೆಳಿಗ್ಗೆ ಗೌಡರ ದಿಬ್ಬಣ, ಆಮೇಲೆ ಶ್ರೀಪತಿಯ ದಿಬ್ಬಣ, ಹೀಗೆ ಸರತಿ. ಸಾಹೇಬರು ಮನೆಯ ಮುಂದೆ ನಿಲ್ಲಿಸಿ, ಹಣೆ ಚಚ್ಚಿಕೊಂಡರು. "ಕ್ಯಾ ಬೋಲೂಂ ಮಾಸ್ತರ್ ಸಾಬ್! ಎರಡೂ ಕಡೆಯವರಿಗೆ ಸೋಗಿನ ಮದುಮಗ ಒಬ್ಬನೇ, ಯಾರದೋ ಹುಡುಗ. ಬಾಸಿಂಗ ಕಟ್ಕೊಂಡು ಮುಂದಿನ ಸೀಟ್‌ನಲ್ಲಿ ಕೂತಿದಾನೆ, ಇಳಿಯೋಕೆ ಬಿಡ್ತಾ ಇಲ್ಲ. ಬೆಳಗಿಂದ ಹಸಿವು ಅಂತ ಅಳ್ತಾನೆ." ಸುಬ್ಬತ್ತೆಯ ಹೆಸರಿನಲ್ಲಿ ಸ್ವಲ್ಪ ತೋಟವಿತ್ತು, ಹಾಗಾಗಿ ಮತವೂ ಇತ್ತು. ವಿಧವೆಯಾದ ಅವಳನ್ನು ಮದುವೆಯ ದಿಬ್ಬಣದಲ್ಲಿ ಮುಂದೆ ಕೂರಿಸಿಕೊಂಡು ಹೋದರು. ಅಂಥ ಸಮಾನತೆ ಬೇರೆ ಯಾವ ದಿನವೂ ಅವಳಿಗೆ ಸಿಕ್ಕಿರಲಿಲ್ಲ. ನನ್ನ ಹೆಸರಿನ ತುಂಡು ಗದ್ದೆಯೂ ಅದೇ ವಲಯದಲ್ಲಿತ್ತು. ಮುಂದಿನ ದಿಬ್ಬಣದಲ್ಲಿ ಬರುತ್ತೇನೆ ಎಂದು ಹೇಳಿ, ಕೋಟು ಹಾಕಿಕೊಂಡು, ರುಮಾಲು ಸುತ್ತಿ ಸಿದ್ಧನಾದೆ.

ಹೊರಡುವ ಮುಂಚೆ ಹೇಳಿ ಹೋಗೋಣವೆಂದು ಅಕ್ಕನ ಕೋಣೆಗೆ ಹೋದೆ. ಅವಳ ಕಣ್ಣು ತೆರೆದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಎರಡೂ ಬೆಂಚು ಬರಿದಾಗಿತ್ತು.

"ಎಲ್ಲಾ ಹೋದ್ವ?"

"ಹೋದ್ವು."

"ಹಾಂಗಾರೆ ಇದು ಎನ್ನ ಪಾಲಿನ ಹೊತ್ತು ಅಲ್ದ? ಕೂತ್ಕ."

ಕುಳಿತೆ. ರುಮಾಲು ತೆಗೆದು ಪಕ್ಕದಲ್ಲಿಟ್ಟೆ.

"ಮಗ್ಗಿ ಹೇಳು" ಎಂದಳು.

ಅಕ್ಕ ಶಾಲೆಗೆ ಹೋದವಳಲ್ಲ. ನಮ್ಮ ಮನೆಯ ಚಾವಡಿಯಲ್ಲಿ ಐಗಳು ಗಂಡುಮಕ್ಕಳಿಗೆ ಪಾಠ ಹೇಳುವಾಗ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು. ನನಗೆ ಬಾಯಿಪಾಠ ಬಾರದೆ ಐಗಳ ಬೆತ್ತ ಬಿದ್ದ ದಿನ, ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ಮಗ್ಗಿ ಕಲಿಸಿದವಳು ಅವಳು. ಮುಂದೆ ನಾನು ಜೀವನಪೂರ್ತಿ ಊರಿನ ಮಕ್ಕಳಿಗೆ ಹೇಳಿಸಿದ್ದು ಅವಳ ಮಗ್ಗಿಯನ್ನೇ. ಎರಡರಿಂದ ಆರಂಭಿಸಿದೆ. ಅವಳು ತುಟಿ ಆಡಿಸುತ್ತಿದ್ದಳು. ಹದಿಮೂರರ ಮಗ್ಗಿಯಲ್ಲಿ ನಾನು ಎಡವಿದೆ. "ತಪ್ಪು" ಎಂದಳು. ತಿದ್ದಿ ಹೇಳಿದೆ. ಹದಿನೇಳರ ಮಗ್ಗಿಯಲ್ಲಿ ನನ್ನ ಬೆರಳು ಹಿಡಿದುಕೊಂಡಳು. ಕಣ್ಣು ಮುಚ್ಚಿ ಹೇಳುವುದು ನನಗೆ ಅಭ್ಯಾಸ. ಕಣ್ಣು ಮುಚ್ಚಿ ಹತ್ತೊಂಬತ್ತು ಮುಗಿಸಿ, ಇಪ್ಪತ್ತನ್ನೂ ಮುಗಿಸಿ ನೋಡಿದೆ. ಬೆರಳು ಹಾಗೆಯೇ ಹಿಡಿದಿದ್ದಳು. ತುಟಿ ಆಡುತ್ತಿರಲಿಲ್ಲ.

ಆಮೇಲೆ ಮಾಡಬೇಕಾದ ಕೆಲಸ ಬಹಳ ಇತ್ತು. ಅವೆಲ್ಲ ಯಾವ ಕ್ರಮದಲ್ಲಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬಾಗಿಲು ತೆರೆದು ಯಾರನ್ನು ಕರೆದರೂ ಆ ಸಾವು ಯಾವುದಾದರೂ ಒಂದು ಪೆಟ್ಟಿಗೆಗೆ ಬೀಳುತ್ತಿತ್ತು. ರಾಯರ ಗುಮಾಸ್ತನಿಗೆ ಹೇಳಿದರೆ ಮುಚ್ಚಿಡುತ್ತಾನೆ. ಕಟ್ಟೆಯ ಮೇಲಿನ ಆಳಿಗೆ ಹೇಳಿದರೆ ಕೂಗಿ ಹೇಳುತ್ತಾನೆ. ನೆರೆಯವರಿಗೆ ಹೇಳಿದರೆ ಇಬ್ಬರಿಗೂ ಹೇಳಿದಂತೆ. ಎದ್ದು ಬಾಗಿಲಿಗೆ ಅಗಳಿ ಹಾಕಿದೆ. ದೀಪ ಹಚ್ಚಿ ತಲೆಯ ಹತ್ತಿರ ಇಟ್ಟೆ. ಅವಳ ಪಕ್ಕ ಕುಳಿತೆ. ಸ್ನಾನವಿಲ್ಲ, ಜಪವಿಲ್ಲ, ಊಟವಿಲ್ಲ. ಖಾದರ್ ಸಾಹೇಬರು ಎರಡನೆಯ ದಿಬ್ಬಣಕ್ಕೆ ನನ್ನನ್ನು ಕರೆಯಲು ಬಂದು ಹಾರ್ನು ಬಾರಿಸಿ, ಬಾರಿಸಿ ಹೋದರು. ಬೀದಿಯಲ್ಲಿ ಪಾತ್ರೆಯ ಸದ್ದು, ಒಗ್ಗರಣೆಯ ವಾಸನೆ. ಹೆಣವಿದ್ದ ಬೀದಿಯಲ್ಲಿ ಯಾರೂ ಒಲೆ ಹಚ್ಚಬಾರದು ಎಂಬ ಪದ್ಧತಿ ನೆನಪಾಯಿತು. ಯಾರಿಗೂ ಗೊತ್ತಿಲ್ಲದ ಹೆಣಕ್ಕೂ ಅದು ಅನ್ವಯಿಸುತ್ತದೆಯೇ ಎಂದು ರಾಯರನ್ನೇ ಕೇಳಬೇಕಿತ್ತು.

ಸಂಜೆ ಸುಬ್ಬತ್ತೆ ಬಂದು ಬಾಗಿಲು ತಟ್ಟಿದಳು. ಪೆಟ್ಟಿಗೆಗಳಿಗೆ ಅರಗು ಬಿದ್ದಾಯಿತೇ ಎಂದು ಮೊದಲು ಕೇಳಿ, ಆಯಿತು ಎಂದ ಮೇಲೆ ಬಾಗಿಲು ತೆರೆದೆ. ಅವಳ ಹಿಂದೆ ನಿಂತಿದ್ದ ಖಾದರ್ ಸಾಹೇಬರು ಒಳಗೆ ದೀಪ ಕಂಡು ಟೋಪಿ ಸರ್ರನೆ ಕೈಗೆ ತೆಗೆದುಕೊಂಡರು. "ಮಗನನ್ನು ನಾನು ಕರ್ಕೊಂಡು ಬರ್ತೀನಿ ಮಾಸ್ತರ್ ಸಾಬ್" ಎಂದು ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಮೋಟಾರು ಚಾಲೂ ಮಾಡುವ ಮೊದಲು ಅವರೊಬ್ಬರೇ ಸುತ್ತಲೂ ನಡೆದು ಬಾಳೆಕಂದು, ಮಾವಿನೆಲೆ, ಹೂಮಾಲೆ ಎಲ್ಲವನ್ನೂ ಒಂದೊಂದಾಗಿ ಕಿತ್ತು ಚರಂಡಿಗೆ ಹಾಕಿದರು.

ಶ್ರೀಪತಿ ಗೆದ್ದ. ದೊಡ್ಡ ಅಂತರವೇನಲ್ಲ. ಹದಿಮೂರನೆಯ ದಿನದ ಮೂರು ಚಪ್ಪರ ಒಂದಕ್ಕೆ ಇಳಿಯಿತು, ಅದರಲ್ಲೂ ಅರ್ಧ ಎಲೆ ಖಾಲಿ. ಓಟು ಹಾಕಿಯಾದ ಮೇಲೆ ಯಾರಿಗೆ ಹಸಿವು? ಗಣಪಯ್ಯ ನಡೆದುಕೊಂಡು ಬಂದಿದ್ದ. ಕೊನೆಯವರೆಗೆ ಬಡಿಸಿ, ಕೊನೆಯ ಪಂಕ್ತಿಯಲ್ಲಿ ಉಂಡ. ಆ ದಿನ ಅವನಿಗೆ ಬೆಲ್ಲ ನೀರು ಕೊಟ್ಟು ಕಳಿಸುವವರು ಯಾರೂ ಇರಲಿಲ್ಲ. ರಾಯರು ನನ್ನ ಪಕ್ಕದ ಎಲೆಗೆ ಕುಳಿತು, ಕಿವಿಯಲ್ಲಿ ಹೇಳಿದರು. "ಮಾಸ್ತರೇ, ಒಪ್ಪಿದೆ. ಅಂದು ನೀವು ಏನೂ ಹೇಳದೆ ನಿಂತಾಗಲೇ ನನಗೆ ಭರವಸೆ ಬಂದಿತ್ತು. ಬಾಗಿಲು ಹಾಕಿ ಕುಳಿತಿರಿ ನೋಡಿ, ಅದೇ ನಮ್ಮನ್ನು ಗೆಲ್ಲಿಸಿತು." ನನ್ನ ಎಲೆಯ ಮೇಲಿನ ಪಾಯಸ ಹಾಗೆಯೇ ಉಳಿಯಿತು.

ಬೀದಿಯವರು ಹೆಣ ಇಟ್ಟುಕೊಂಡು ಉಂಡೆವು ಎಂದು ನನ್ನೊಡನೆ ಮಾತು ಬಿಟ್ಟರು. ಅದು ಹೋಗಲಿ. ಗೌಡರು ಕಾರವಾರದ ಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಿದರು. ತಾಯಿ ಸತ್ತದ್ದನ್ನು ಮುಚ್ಚಿಟ್ಟು, ಸೂತಕದವನ ಕೈಯಿಂದ ವೀಳ್ಯ ಕೊಡಿಸಿ, ಮತದಾರರಿಗೆ ಮೋಸ ಮಾಡಿದರು ಎಂದು. ಮುಖ್ಯ ಸಾಕ್ಷಿ ನಾನು. ಗೌಡರ ವಕೀಲರು ಎದ್ದು ನಿಂತು ಕೇಳಿದ್ದು ಒಂದೇ ಪ್ರಶ್ನೆಯ ಸುತ್ತ.

"ನಿಮ್ಮ ಅಕ್ಕ ಎಷ್ಟು ಹೊತ್ತಿಗೆ ತೀರಿಕೊಂಡರು?"

"ಗೊತ್ತಿಲ್ಲ."

"ಆಗ ಎಲ್ಲಿದ್ದಿರಿ?"

"ಪಕ್ಕದಲ್ಲಿಯೇ."

"ಶಿರಸಿಯ ಅರ್ಧ ಪೇಟೆ ನಿಮ್ಮ ಗಡಿಯಾರ ನೋಡಿ ಬಾಗಿಲು ತೆಗೆಯುತ್ತದೆ. ಸರ್ವಿಸ್ ಮೋಟಾರು ನಿಮ್ಮ ಗಡಿಯಾರ ನೋಡಿ ಹೊರಡುತ್ತದೆ. ನಿಮ್ಮ ಅಕ್ಕ ನಿಮ್ಮ ಕೈ ಹಿಡಿದುಕೊಂಡು ಸತ್ತಾಗ ನೀವು ಗಡಿಯಾರ ನೋಡಲಿಲ್ಲವೇ?"

"ನೋಡಲಿಲ್ಲ."

"ಸುಮಾರಾಗಿ ಹೇಳಿ."

"ಹದಿನೇಳರ ಮಗ್ಗಿಯ ಹೊತ್ತಿಗೆ ಇದ್ದಳು. ಇಪ್ಪತ್ತರ ಹೊತ್ತಿಗೆ ಇರಲಿಲ್ಲ."

ಕೋರ್ಟು ನಕ್ಕಿತು. ಇದನ್ನು ಹೇಗೆ ಬರೆದುಕೊಳ್ಳಬೇಕು ಎಂದು ಶಿರಸ್ತೇದಾರರು ನ್ಯಾಯಾಧೀಶರ ಮುಖ ನೋಡಿದರು. ಪಾಂಡುರಂಗರಾಯರೊಬ್ಬರೇ ನಗಲಿಲ್ಲ. ಅವರು ಮೆಚ್ಚುಗೆಯಿಂದ ನನ್ನನ್ನು ನೋಡುತ್ತಿದ್ದರು.

ಸಾವಿನ ಹೊತ್ತು ಸಾಬೀತಾಗಲಿಲ್ಲ, ಮಗನಿಗೆ ಸುದ್ದಿ ತಿಳಿದಿತ್ತೆಂದೂ ಸಾಬೀತಾಗಲಿಲ್ಲ ಎಂದು ಅರ್ಜಿ ವಜಾ ಆಯಿತು. ಸಾಕ್ಷಿ ಗೌರವಸ್ಥರೇ, ಆದರೆ ಗಡಿಯಾರದ ವಿಷಯದಲ್ಲಿ ಅವರ ಮಾತು ನಂಬಲು ಬರುವಂತಿಲ್ಲ ಎಂದು ನ್ಯಾಯಾಧೀಶರು ತೀರ್ಪಿನಲ್ಲಿ ಒಂದು ಸಾಲು ಸೇರಿಸಿದರು. ಆದುದರಿಂದ ನಾನು ನೋಡದ ಗಡಿಯಾರದ ಬಲದಿಂದ ನನ್ನ ಸೋದರಳಿಯ ಇಂದಿಗೂ ಮಾಮಲೇದಾರರ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಾನೆ. ಮುಂದಿನ ಚುನಾವಣೆಗೆ ತಮ್ಮ ಕಡೆ ಏಜೆಂಟರಾಗಿ ಎಂದು ರಾಯರು ಎರಡು ಸಲ ಕೇಳಿದರು. ಗೌಡರೂ ಒಂದು ಸಲ ಜೇನುತುಪ್ಪ ಕಳಿಸಿದರು. ಮಾಸ್ತರರಷ್ಟು ತಣ್ಣಗೆ ಸುಳ್ಳು ಹೇಳುವವರು ವಕೀಲರಲ್ಲೂ ಇಲ್ಲ ಎಂದು ಪೇಟೆಯಲ್ಲಿ ನನಗೊಂದು ಹೊಸ ಗೌರವ ಹುಟ್ಟಿದೆ.

ಗಡಿಯಾರಕ್ಕೆ ನಾನು ಈಗಲೂ ತಪ್ಪದೆ ಕೀಲಿ ಕೊಡುತ್ತೇನೆ. ಅದು ಮೊದಲಿನಷ್ಟೇ ಸರಿಯಾಗಿ ನಡೆಯುತ್ತಿದೆ. ಆದರೆ ಎದುರು ಅಂಗಡಿಯವರು ಬಾಗಿಲು ತೆಗೆಯುವ ಮುಂಚೆ ಈಗ ತಂತಿ ಆಫೀಸಿಗೆ ಹೋಗಿ ಹೊತ್ತು ಕೇಳಿಕೊಂಡು ಬರುತ್ತಾರೆ.